ಗಾಳಿ ಕಡೆಯ ಗೋಡೆ

ನಮ್ಮ ಭಾವ ಮನೆಯ ವಿಷಯದಲ್ಲಿ ಒಂದು ನಿರ್ಧಾರವನ್ನೂ ತಾವಾಗಿ ಮಾಡಿದವರಲ್ಲ. ಬಸ್ ಡಿಪೋದ ಟೈರ್ ವಿಭಾಗದಲ್ಲಿ ಮಾತ್ರ ಅವರದೇ ಕೊನೆಯ ಮಾತು. ಯಾವ ಟೈರು ಇನ್ನೂ ಓಡುತ್ತದೆ, ಯಾವುದನ್ನು ಎಸೆಯಬೇಕು ಎಂದು ಹೆಬ್ಬೆರಳಿನಿಂದ ಸವರಿ ಹೇಳುತ್ತಿದ್ದರು. ಡ್ರೈವರುಗಳು ತುಟಿ ಪಿಟಕ್ಕೆನ್ನದೆ ಒಪ್ಪುತ್ತಿದ್ದರು. ಮನೆಗೆ ಬಂದರೆ ಅವರು ತೊಡುವ ಅಂಗಿಯಿಂದ ಹಿಡಿದು ಮಗಳ ಮದುವೆಯವರೆಗೆ ಎಲ್ಲವೂ ನನ್ನ ಅಕ್ಕನ ಪಾಲು. ಅಕ್ಕನೋ, ಎರಡನೆಯ ಬಟ್ಟೆ ಬಿಚ್ಚಿ ತೋರಿಸಲು ಅಂಗಡಿಯವನಿಗೆ ಎಂದೂ ಅವಕಾಶ ಕೊಟ್ಟವಳಲ್ಲ. ನೋಡಿದಳು, ತೆಗೆದುಕೊಂಡಳು, ಮುಗಿಯಿತು. "ಸರಿ ಕಣೆ" ಎಂಬುದೊಂದೇ ಭಾವನ ಸಂಸಾರದ ಮಂತ್ರ. ಪಕ್ಕದ ಮನೆಯಲ್ಲೇ ಇರುವ ನಾನು ಇದನ್ನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೇನೋ ಲೆಕ್ಕವಿಲ್ಲ.

ಅಂಥ ಮನುಷ್ಯ, ಇನ್ನು ಔಷಧಿ ನಾಟುವುದಿಲ್ಲ ಎಂದು ಎದೆಯ ಡಾಕ್ಟರು ಹೇಳಿ ಕಳಿಸಿದ ದಿನ, ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಲಿಗೆ ಹೋಗಿ ಗಾಳಿ ಕಡೆಯ ಗೋಡೆ ನೋಡುತ್ತ ನಿಂತುಬಿಟ್ಟರು.

ನಮ್ಮ ಬೀದಿ ಊರಿಗೆ ಕೊನೆಯದು. ಅದರಾಚೆ ಬಯಲು. ಬಯಲಿನಿಂದ ಬರುವುದು ಸುಮ್ಮನೆ ಬೀಸಿ ಹೋಗುವ ಗಾಳಿಯಲ್ಲ. ಒಮ್ಮೆ ಮರಳು, ಒಮ್ಮೆ ಮಳೆ ಹೊತ್ತು ತಂದು ಗೋಡೆಗೆ ತಿಕ್ಕುವ ಗಾಳಿ. ಅದಕ್ಕೇ ಇಲ್ಲಿ ಮನೆಗಳ ಹೊರಮೈಗೆ ಹಲಗೆ ಹೊದಿಸುತ್ತಾರೆ. ಮರದ ಹಲಗೆ ಎಂದರೆ ಪ್ರತಿ ವರ್ಷ ಏಣಿ ಹಾಕಿ, ಕೆರೆದು, ಬಣ್ಣ ಬಳಿದು, ಕೊಳೆತ ತುದಿ ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಇಷ್ಟು ಕಾಲ ಅದನ್ನು ಭಾವನೇ ಮಾಡಿಕೊಂಡು ಬಂದಿದ್ದರು. ಕೆಳಗೆ ಏಣಿ ಹಿಡಿದುಕೊಂಡು ಬೈಯುವುದು ಅಕ್ಕನ ಕೆಲಸ.

"ಈ ಗೋಡೆಗೆ ಕಾಂಪೋಸಿಟ್ ಹಲಗೆ ಹಾಕಿಸ್ಬಿಡೋಣ," ಎಂದರು ಭಾವ ಆ ಸಂಜೆ. "ಒಂದ್ಸಲ ಹಾಕಿದ್ರೆ ಆಯ್ತು. ಬಣ್ಣ ಬಳಿಯೋದು ಬೇಡ, ಗೆದ್ದಲು ಹತ್ತಲ್ಲ. ನಾನಿಲ್ದಾಗ ನೀನು ಏಣಿ ಹತ್ತಬಾರ್ದು."

ಅಕ್ಕ ಒಲೆಯ ಕಡೆ ತಿರುಗಿಕೊಂಡಳು. "ಹಾಕ್ಸಿ," ಎಂದಳು, ಅಷ್ಟೇ.

ಅಂಗಡಿಗಳ ಸುತ್ತಾಟ ಶುರುವಾಯಿತು. ಅಂಗೈ ಅಗಲದ ಮಾದರಿ ತುಂಡುಗಳು ಮನೆ ತುಂಬಿದವು. ಮರದ ಹೊಟ್ಟಿಗೆ ಪ್ಲಾಸ್ಟಿಕ್ ಬೆರೆಸಿ ಒತ್ತಿದ್ದು, ಸಿಮೆಂಟಿಗೆ ನಾರು ಸೇರಿಸಿದ್ದು, ಒಳಗೆ ಟೊಳ್ಳಾಗಿದ್ದದ್ದು, ಇಡೀ ಗಟ್ಟಿಯಾಗಿದ್ದದ್ದು. ಭಾವ ಅವನ್ನು ಬಕೆಟ್ಟಿನ ನೀರಲ್ಲಿ ಮುಳುಗಿಸಿಟ್ಟರು, ಬಿಸಿಲಿಗೆ ಒಣಗಿಸಿದರು, ಒದ್ದೆ ಮರಳಿನಿಂದ ಉಜ್ಜಿದರು. ಟೊಳ್ಳಿನದು ಗಾಳಿಯ ಹೊಡೆತಕ್ಕೆ ಸೀಳುತ್ತದೆ ಎಂದು ಬದಿಗಿಟ್ಟರು. ಹಲಗೆ ಬಿಸಿಲಿಗೆ ಹಿಗ್ಗುತ್ತದಂತೆ, ತುದಿಗೆ ತುದಿ ಬಿಗಿಯಾಗಿ ಕೂರಿಸಿದರೆ ಉಬ್ಬಿ ಎದ್ದುಬಿಡುತ್ತದಂತೆ, ಅದಕ್ಕೇ ಸಂದು ಬಿಡಬೇಕಂತೆ. ಇಂಥ ಗಾಳಿಯಿರುವ ಕಡೆ ಸ್ಕ್ರೂಗಳನ್ನು ಹತ್ತಿರ ಹತ್ತಿರ ಹೊಡೆಯಬೇಕಂತೆ. ಇದನ್ನೆಲ್ಲ ನನ್ನನ್ನು ಬೇಲಿಯ ಬಳಿ ನಿಲ್ಲಿಸಿಕೊಂಡು, ನಡುನಡುವೆ ಕೆಮ್ಮುತ್ತ ಹೇಳುವರು. ಅತ್ತ ನನ್ನ ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೂ ನಾನು ಕೇಳಲೇಬೇಕು. ಡಿಪೋ ಬಿಟ್ಟ ಮೇಲೆ ಅವರ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ.

ತಕರಾರೆಲ್ಲ ಅಕ್ಕನದು. ಯಾವ ತುಂಡು ತಂದರೂ ಮೂಗು ಮುರಿಯುವಳು. "ಬಣ್ಣಕ್ಕೆ ಜೀವವೇ ಇಲ್ಲ." ಬೇರೆ ಬಣ್ಣದ್ದು ತಂದರೆ, "ಬಿಸಿಲಿಗಿಟ್ರೆ ವಾಸನೆ ಬರುತ್ತೆ." ವಾಸನೆಯಿಲ್ಲದ್ದು ತಂದರೆ, "ತಟ್ಟಿದ್ರೆ ಡಬ್ಬದ ಸದ್ದು." ಭಾವ "ಸರಿ ಕಣೆ" ಎಂದು ಮತ್ತೆ ಅಂಗಿ ತೊಟ್ಟು, ಏದುಸಿರು ಬಿಡುತ್ತ ಬಸ್ ಸ್ಟಾಪಿನತ್ತ ಹೊರಡುವರು. ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಗಾಳಿಗಾಲ ಬಾಗಿಲಿಗೆ ಬಂದಿತ್ತು. ಹಳೆಯ ಹಲಗೆಗಳು ಆಗಲೇ ಅಲ್ಲಾಡುತ್ತಿದ್ದವು. ಆ ಗೋಡೆಯ ಒಳಬದಿಗೇ ಭಾವನ ಮಂಚ.

ಒಂದು ಮಧ್ಯಾಹ್ನ, ಭಾವ ಅಂಗಡಿಗೆ ಹೋಗಿದ್ದಾಗ, ತಡೆಯಲಾರದೆ ಬಾಯಿ ಬಿಟ್ಟೆ.

"ಗಂಡನ್ನ ಒಪ್ಕೊಳ್ಳೋವಾಗ್ಲೂ ಇಷ್ಟು ಯೋಚ್ನೆ ಮಾಡ್ಲಿಲ್ವಲ್ಲೇ ನೀನು! ಆ ಮನುಷ್ಯ ಉಸಿರಾಡೋಕಾಗ್ದೆ ಅಂಗಡಿ ಅಂಗಡಿ ಅಲೀತಿದಾರೆ. ಯಾವ್ದೋ ಒಂದಕ್ಕೆ ಹೂಂ ಅನ್ನೋಕೆ ನಿಂಗೇನು ಧಾಡಿ?"

ಅಕ್ಕ ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದ ಭಾವನ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಅದು ಮುಗಿದ್ರೆ ಅವ್ರಿಗೆ ಇನ್ನೇನು ಕೆಲ್ಸ ಉಳಿಯುತ್ತೆ ಹೇಳು. ಬೆಳಿಗ್ಗೆ ಎದ್ದ ತಕ್ಷಣ 'ಇವತ್ತು ಯಾವ ಅಂಗಡಿಗೆ ಹೋಗ್ಲಿ' ಅಂತಾರೆ. ಆ ಮಾತು ಕೇಳೋಕೇ ಕಾಯ್ತಾ ಬಿದ್ದಿರ್ತೀನಿ ನಾನು. ಗೋಡೆ ಆಯ್ತು ಅಂದ್ರೆ ಅವ್ರು ಹೊರಟುಬಿಡ್ತಾರೆ ಕಣೆ."

ಹುಚ್ಚು ಹುಚ್ಚಾಗಿ ಆಡಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಅವಳು ಹೇಳಿದ್ದು ಕೇಳಿದ ಮೇಲೆ ನನಗೂ ಹಾಗೇ ಅನಿಸಿಬಿಟ್ಟಿತು.

ಗಾಳಿಗೆ ಇದೆಲ್ಲ ಯಾಕೆ ಬೇಕು? ಅದರ ಪಾಡಿಗೆ ಅದು ಬಂತು. ಮೊದಲ ಹೊಡೆತಕ್ಕೇ ಮೇಲಿನ ಸಾಲಿನ ಹಲಗೆಗಳು ಕಿತ್ತುಬಂದು ಹಿತ್ತಲಲ್ಲಿ ಬಿದ್ದವು. ಗೋಡೆಯ ಬಿರುಕಿನಿಂದ ಮಳೆನೀರು ಇಳಿದು ಭಾವನ ಹಾಸಿಗೆ ನೆನೆಯಿತು. ಮಂಚವನ್ನು ಅಡುಗೆಮನೆಗೆ ಎಳೆದೆವು. ಅಷ್ಟರಲ್ಲಿ ಥಂಡಿ ಎದೆಗೆ ಇಳಿದಾಗಿತ್ತು. ಆಮೇಲೆ ಅವರು ಅಂಗಡಿಗೆ ಹೋಗಲಿಲ್ಲ, ಎದ್ದು ಕೂರುವುದೇ ದೊಡ್ಡ ಕೆಲಸವಾಯಿತು. ಎಲ್ಲ ತನ್ನಿಂದಲೇ ಆಯಿತೆಂದು ಅಕ್ಕ ಒಳಗೊಳಗೇ ಬೇಯುತ್ತಿದ್ದಳು. ಹಾಗೇನಿಲ್ಲ ಎಂದು ನಾನು ಹೇಳಿದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಒಂದು ಸಂಜೆ ಅಕ್ಕ ಮಾದರಿ ತುಂಡುಗಳನ್ನೆಲ್ಲ ಬಾಚಿ ತಂದು ಮಂಚದ ಮೇಲೆ ಸುರಿದಳು. ಬೂದು ಬಣ್ಣದ ಗಟ್ಟಿ ತುಂಡೊಂದನ್ನು ಎತ್ತಿ, "ಇದು" ಎಂದಳು.

ಭಾವ ಅದನ್ನು ಕೈಗೆ ತೆಗೆದುಕೊಂಡು ಸವರಿದರು. "ಮೊದಲ್ನೇ ದಿನಾನೇ ಇದೇ ಸರಿ ಅಂದ್ಕೊಂಡಿದ್ದೆ."

"ಮತ್ಯಾಕ್ರೀ ಅಷ್ಟೊಂದು ಅಲೆದ್ರಿ?"

"ನೀನು ಬೇಡ ಬೇಡ ಅಂತಿದ್ಯಲ್ಲ. ಯಾಕೆ ಅಂತ ನಂಗೆ ಗೊತ್ತಾಗಲ್ಲ ಅನ್ಕೊಂಡ್ಯಾ?" ಮುಂದಿನ ಮಾತಿಗೆ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ನಂಗೂ ಅದೇ ಬೇಕಾಗಿತ್ತು ಕಣೆ."

ಅಕ್ಕ ಸುಲಭಕ್ಕೆ ಅಳುವವಳಲ್ಲ. ಅಂದು ಅತ್ತಳು. ನಾನು ಸುಮ್ಮನೆ ಹಿತ್ತಲಿಗೆ ಹೋಗಿ ನಿಂತೆ.

ಗಾಳಿ ಕೊಂಚ ಇಳಿದಾಗ ಹಲಗೆ ಕೂರಿಸುವ ಫಿಟ್ಟರ್ ತನ್ನ ಅಣ್ಣನ ಜೊತೆ ಬಂದ. ಹಳೆಯದನ್ನು ಕಿತ್ತು, ಹಲಗೆಗೆ ಆಧಾರವಾಗಿ ಗೋಡೆಗೆ ಪಟ್ಟಿ ಹೊಡೆದು, ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ಹಲಗೆ ಕೂರಿಸುತ್ತ ಹೋದರು. ಭಾವ ಅಡುಗೆಮನೆಯಲ್ಲಿ ಮಲಗಿ ಡ್ರಿಲ್ಲಿನ ಸದ್ದು ಕೇಳುತ್ತಿದ್ದರು. ಸದ್ದು ನಿಂತಾಗಲೆಲ್ಲ "ಸಂದು ಬಿಟ್ರಾ ಕೇಳಮ್ಮ" ಎಂದು ನನ್ನನ್ನು ಅಟ್ಟುವರು. ಕಟ್ಟಕಡೆಗೆ ಸೂರಿನ ಕೆಳಗಿನ ಒಂದೇ ಒಂದು ಹಲಗೆ ಉಳಿದಾಗ ಅಕ್ಕ ಹೊರಗೆ ಬಂದಳು.

"ಅದೊಂದು ಇರ್ಲಿ. ನಾಳೆ ಹಾಕಿ."

"ಅಯ್ಯೋ ಅಮ್ಮಾ, ಕಣ್ಮುಚ್ಚಿ ತೆಗೆಯೋದ್ರಲ್ಲಿ ಆಗೋ ಕೆಲ್ಸ!" ಎಂದ ಫಿಟ್ಟರ್.

"ನಾಳೆ ಅಂದ್ರಲ್ಲ, ನಾಳೆ ಬನ್ರಿ!" ಎಂದೆ ನಾನು, ದನಿ ಏರಿಸಿ. ಅವನು ಗೊಣಗುತ್ತ ಏಣಿ ಇಳಿದ.

ಮರುದಿನ ಬಂದಾಗಲೂ ಅಕ್ಕ ನಾಳೆ ಎಂದಳು. ಬೇಕಾದಾಗ ಫೋನ್ ಮಾಡಿ ಎಂದು ಹೇಳಿ ಅವನು ಬೇರೆ ಕೆಲಸಕ್ಕೆ ಹೋದ. ಹಲಗೆ ಹಿತ್ತಲ ಮೂಲೆಯಲ್ಲಿ ಒರಗಿ ನಿಂತಿತು. ಭಾವ ದಿನಾ ಸಂಜೆ ಕೇಳುವರು:

"ಮುಗೀತಾ?"

"ಇನ್ನೂ ಒಂದು ಹಲಗೆ ಇದೆ ರೀ."

"ಅವಸರ ಏನಿಲ್ಲ ಅನ್ನು ಅವ್ನಿಗೆ."

ಆದರೆ ಅವರ ಪಾಡು ಕೆಡುತ್ತಲೇ ಹೋಯಿತು. ಊಟ ಬಿಟ್ಟರು. ನೀರೂ ಗಂಟಲಲ್ಲಿ ಇಳಿಯದಾಯಿತು. ಒಂದೊಂದು ಉಸಿರಿಗೂ ಒದ್ದಾಡುವರು. ಒಂದು ಬೆಳಿಗ್ಗೆ, ಯಾರೂ ಏನೂ ಕೇಳದಿದ್ದರೂ, ಅಕ್ಕನ ಕೈ ಹಿಡಿದು, "ಹಾಕಿಸ್ಬಿಡೆ ಇನ್ನು," ಎಂದರು. "ಸಾಕಾಯ್ತು."

ಅಕ್ಕ ಫೋನ್ ತೆಗೆದುಕೊಂಡು ಹೊರಗೆ ಬಂದಳು. ಫಿಟ್ಟರನ ನಂಬರು ತೆರೆದಿತ್ತು, ಬೆರಳು ಮಾತ್ರ ಮುಂದೆ ಹೋಗಲಿಲ್ಲ. ನನ್ನ ಮುಖ ನೋಡಿದಳು. ಬೇಗ ಮುಗಿಸು ಎಂದು ಅವಳನ್ನು ಬೈದವಳು ನಾನು. ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ಒತ್ತಿದೆ.