ಪೊರಕೆ ನಿಂತ ಜಾಗ

ನಾನು ಕುಣಿಗಲ್ಲಿನ ತಾಲ್ಲೂಕು ಕಚೇರಿಯಲ್ಲಿ ಕಡತಗಳ ಸೇವೆ ಮಾಡಿ ನಿವೃತ್ತನಾದವನು. ಒಂದು ಹುಳು ಎಲ್ಲಿ ವಾಸಿಸತಕ್ಕದ್ದು, ಎಲ್ಲಿ ವಾಸಿಸತಕ್ಕದ್ದಲ್ಲ ಎಂಬ ಪ್ರಶ್ನೆ ನನ್ನ ಮೇಜಿಗೆ ಎಂದೂ ಬಂದಿರಲಿಲ್ಲ. ಬಂದಿದ್ದರೆ ಸಂಬಂಧಪಟ್ಟ ಇಲಾಖೆಗೆ ರವಾನಿಸಿ ಕಾಫಿಗೆ ಹೋಗುತ್ತಿದ್ದೆ. ನಿವೃತ್ತಿಯಾದ ಮೇಲೆ ತಮ್ಮನ ಮಗಳು ಅದೇ ಪ್ರಶ್ನೆ ಹಿಡಿದು ಪಿಎಚ್‌ಡಿಗೆ ಸೇರಿದಳು. ತುಮಕೂರಿನ ನಮ್ಮ ಮನೆಯಲ್ಲೇ ಉಳಿದಳು. ಅವಳ ಹುಳುವಿನ ಶೀಶೆಗಳು ನನ್ನ ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ ಸಮಾನ ಗೌರವದೊಂದಿಗೆ ಸ್ಥಾಪಿತವಾದವು.

ಹುಳು ಅಂದರೆ ಒಂದು ಕಪ್ಪು ಜೀರುಂಡೆ. ಹೆಬ್ಬೆರಳಿನ ಉದ್ದ, ಬೆನ್ನ ಮೇಲೆ ಬಿಳಿ ಚುಕ್ಕೆಗಳು. ಬೆನ್ನಿನ ಎರಡು ಚಿಪ್ಪುಗಳು ಬೆಸೆದುಕೊಂಡಿರುವುದರಿಂದ ಹಾರಲಾರದು, ಓಡುತ್ತದೆ. ಕೆಣಕಿದರೆ ಹಿಂಬದಿಯಿಂದ ಉರಿಯುವ ನೀರು ಚಿಮ್ಮಿಸುತ್ತದೆ. ಹಾರಲಾರದ ಪ್ರಾಣಿಗೆ ಉತ್ತ ಹೊಲವೊಂದು ಸಮುದ್ರ, ಟಾರು ರಸ್ತೆಯೊಂದು ದೇಶದ ಗಡಿ. ಹುಟ್ಟಿದ ಕಾಡಿನ ತುಂಡಿನಲ್ಲೇ ಬದುಕಬೇಕು, ಆ ತುಂಡು ಕೆಟ್ಟರೆ ಅಲ್ಲೇ ಮುಗಿಯಬೇಕು. ವರ್ಗಾವಣೆಗೆ ಅರ್ಜಿ ಹಾಕುವ ಅವಕಾಶವಿಲ್ಲ.

ಯಾವ ತುಂಡಿನಲ್ಲಿ ಇದೆ, ಯಾವುದರಲ್ಲಿ ಇಲ್ಲ, ಏಕೆ? ಅವಳ ಗೈಡ್ ಮೇಷ್ಟ್ರ ಪ್ರಕಾರ ಎಲ್ಲಕ್ಕೂ ಮಳೆ ಮತ್ತು ಮಣ್ಣೇ ಕಾರಣ. ಇವಳ ವಾದ ಬೇರೆ. ಮಳೆ ಮಣ್ಣು ಒಂದೇ ಆಗಿದ್ದರೂ, ವರ್ಷಗಟ್ಟಲೆ ಯಾರೂ ಕೈಯಾಡಿಸದ ತರಗೆಲೆ ಎಲ್ಲಿದೆಯೋ ಅಲ್ಲಿ ಮಾತ್ರ ಈ ಹುಳು ಉಳಿಯುತ್ತದೆ ಎಂದು. ಕುಣಿಗಲ್ ಕಡೆಯ ನೀಲಗಿರಿ ತೋಪುಗಳಲ್ಲಿ ಒಂದೂ ಸಿಕ್ಕಿರಲಿಲ್ಲ. ಗುಬ್ಬಿಯಾಚೆಗಿನ ಒಂದು ಪುಟ್ಟ ದೇವರ ಬನದಲ್ಲಿ ಸಿಕ್ಕಿತ್ತು. ಆ ಬನದಿಂದ ಒಂದು ಕಡ್ಡಿಯನ್ನೂ ಆಚೆಗೆ ಒಯ್ಯಬಾರದೆಂದು ಊರಿನ ನೇಮ. ಅವಳ ಎರಡು ವರ್ಷದ ದುಡಿಮೆಯೆಲ್ಲ ಆ ಬನದ ಮೇಲೇ ನಿಂತಿತ್ತು. ಮೇಷ್ಟ್ರಿಗೆ ನಂಬಿಕೆಯಿಲ್ಲ. "ಶನಿವಾರ ನಾನೇ ಬರ್ತೀನಿ. ಜೀವ ಇರೋ ಹುಳೂನ ಬನದಲ್ಲೇ ತೋರಿಸು. ಇಲ್ಲಾಂದ್ರೆ ವಿಷಯ ಬದಲಾಯಿಸಮ್ಮ," ಎಂದಿದ್ದರು.

ಇಲ್ಲಿಯವರೆಗೆ ನನ್ನ ಪಾತ್ರವೇನೂ ಇರಲಿಲ್ಲ. ಗುರುವಾರ ನಾನು ಬನದ ಪೂಜಾರಪ್ಪನಿಗೆ, ಯಾರೂ ಕೇಳದಿದ್ದರೂ, ಸೌಜನ್ಯಪೂರ್ವಕವಾಗಿ ಒಂದು ಫೋನ್ ಮಾಡಿದೆ. "ಶನಿವಾರ ಯೂನಿವರ್ಸಿಟಿಯಿಂದ ದೊಡ್ಡವರು ಬರ್ತಾ ಇದಾರೆ."

ಶನಿವಾರ ಬೆಳಿಗ್ಗೆ ಇಡ್ಲಿ ಬಾಯಲ್ಲಿರುವಾಗ ಪೂಜಾರಪ್ಪನ ಫೋನು ಬಂತು.

"ಸಾರ್, ನೀವೇನೂ ಯೋಚ್ನೆ ಮಾಡ್ಬ್ಯಾಡಿ. ನಮ್ಮನೆ ಹೆಂಗಸ್ರೆಲ್ಲ ಸೇರ್ಕೊಂಡು ಬನ ಗುಡ್ಸಿಬುಟ್ಟವ್ರೆ. ಮದ್ವೆಮನೆ ಅಂಗಳ ಇದ್ದಂಗೈತೆ!"

ಇಡ್ಲಿ ಅಲ್ಲೇ ನಿಂತಿತು. "ಎಲೆ? ಎಲೆ ಏನ್ಮಾಡಿದ್ರಿ?"

"ಗುಡ್ಡೆ ಹಾಕಿದೀವಿ. ಒಂದು ಕಡ್ಡೀನೂ ಆಚೆಗೆ ಒಯ್ದಿಲ್ಲ ಸಾರ್, ನೇಮ ತಪ್ಪಿಲ್ಲ. ಅಲ್ಲೇ ಬೆಂಕಿ ಇಕ್ಬುಡ್ತೀವಿ."

"ಇಕ್ಕಬೇಡ್ರೀ!" ಎಂದು ನಾನು ಕೂಗುವಷ್ಟರಲ್ಲಿ ಲೈನ್ ಹೋಗಿತ್ತು. ಮತ್ತೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ.

ಅವಳು ಆಗಲೇ ಸ್ಕೂಟರಿನ ಕೀ ಹಿಡಿದು ನಿಂತಿದ್ದಳು. "ಅವ್ರಿಗೆ ಯಾರು ಹೇಳಿದ್ರು ದೊಡ್ಡಪ್ಪ, ಇವತ್ತೇ ಬರ್ತೀವಿ ಅಂತ?"

"ಊರಲ್ಲಿ ಸುದ್ದಿ ಹೇಗೋ ಹಬ್ಬುತ್ತೆ ಕಣಮ್ಮ," ಎಂದೆ. ಗುಬ್ಬಿ ಗೇಟಿನಲ್ಲಿ ಬಸ್ಸು, ಟೆಂಪೋ, ಎಳನೀರಿನ ಗಾಡಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಂತಿದ್ದವು. ಅವಳು ಸಂದಿಯಲ್ಲಿ ನುಗ್ಗಿಸಿದಳು. ಹಿಂದೆ ಕೂತ ನನ್ನ ಮಂಡಿ ಒಂದು ಆಟೋದ ಕನ್ನಡಿಯನ್ನು ತಿರುಗಿಸಿತು. "ಏನ್ ಯಜಮಾನ್ರೇ, ಹೆರಿಗೆ ಕೇಸಾ?" ಎಂದು ಆಟೋದವನು ಕೂಗಿದ. ಗುಬ್ಬಿ ದಾಟಿ ಬಿದರೆಹಳ್ಳ ಕಾವಲ್ ಹತ್ತಿರ ಬರುವಾಗ ನೆತ್ತಿಯ ಮೇಲೆ ಅಲ್ಲಿನ ಕಾರ್ಖಾನೆಯ ಹೆಲಿಕಾಪ್ಟರೊಂದು ನಿಧಾನವಾಗಿ ಹಾದುಹೋಯಿತು. ಹಾರಬಲ್ಲವರಿಗೆ ಅವಸರವಿಲ್ಲ ಅನ್ನಿಸಿತು. ಅವಳು ತಲೆಯೆತ್ತಲಿಲ್ಲ.

ದೂರದಿಂದಲೇ ಹೊಗೆ ಕಂಡಿತು.

ನಮ್ಮನ್ನು ಅಷ್ಟು ಹೊತ್ತು ಕಾಪಾಡಿದ್ದು ಹಿಂದಿನ ಸಂಜೆಯ ಮಳೆ. ಆಳೆತ್ತರದ ಗುಡ್ಡೆ ತೇವದಿಂದ ಹೊತ್ತಿಕೊಳ್ಳದೆ ಒಂದು ಮೂಲೆಯಲ್ಲಿ ಹೊಗೆಯಾಡುತ್ತಿತ್ತು. ಪೂಜಾರಪ್ಪ ಬೀಸಣಿಗೆ ಹಿಡಿದು ಕ್ಷಮೆ ಕೇಳುವವನಂತೆ ನಿಂತಿದ್ದ. "ಹತ್ಕೊಳ್ತಾನೇ ಇಲ್ಲ ಸಾರ್. ಡೀಸೆಲ್ ತರಕ್ಕೆ ತಮ್ಮ ಹೋಗವ್ನೆ."

ಹೇಳುತ್ತಿದ್ದಂತೆ ಅವನ ತಮ್ಮ ಕ್ಯಾನು ಹಿಡಿದು ಬಂದೇಬಿಟ್ಟ. ಅವಳು ಹೊಗೆಯ ಮೂಲೆಯನ್ನು ಚಪ್ಪಲಿಯಲ್ಲೇ ತುಳಿಯುತ್ತಿದ್ದಳು.

"ಯಾಕವ್ವಾ ತುಳೀತೀಯಾ? ಅತ್ತಗೆ ಸರ್ಕೋ, ಒಂದೇ ಸಲಕ್ಕೆ ಬುಗ್ಗ್ ಅನ್ನಿಸ್ತೀನಿ!"

"ಅಣ್ಣಾ, ಕ್ಯಾನ್ ಕೆಳಗಿಡಿ," ಎಂದಳು. ದನಿ ಏರಲಿಲ್ಲ. ಆ ಮನುಷ್ಯ ಕ್ಯಾನು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಬನ ನಿಜಕ್ಕೂ ಅಂಗಳದಂತಿತ್ತು. ಕೆಂಪು ನೆಲ, ನೀರು ಚಿಮುಕಿಸಿದ ಗುರುತು, ಬಾಗಿಲಿಲ್ಲದ ಕಡೆ ರಂಗೋಲಿ. ಹುಳು ತಾನಾಗಿ ಬಿದ್ದು ಸಿಗಲೆಂದು ಅವಳು ನೆಲದ ಮಟ್ಟಕ್ಕೆ ಹೂತಿಟ್ಟಿದ್ದ ಪ್ಲಾಸ್ಟಿಕ್ ಲೋಟಗಳು ಒಂದರೊಳಗೊಂದು ಸೇರಿ ಮರದಡಿ ಮಲಗಿದ್ದವು. "ಯಾರೋ ಕುಡುಕ್ ನನ್ಮಕ್ಳು ಹೂತಿಟ್ಟು ಹೋಗಿದ್ರು," ಎಂದ ಪೂಜಾರಪ್ಪ ಹೆಮ್ಮೆಯಿಂದ. "ಎಲ್ಲಾ ಕಿತ್ತಾಕ್ಸಿದೀನಿ."

ಗುಡ್ಡೆಯನ್ನು ಹಿಡಿಹಿಡಿಯಾಗಿ ಬಿಡಿಸಿದೆವು. ಸಹಸ್ರಪದಿ, ಒಂದು ಚೇಳು, ಒಂದು ಗುಟ್ಕಾ ಚೀಟಿ. ಜೀರುಂಡೆ ಇಲ್ಲ. ನನ್ನ ಬೆನ್ನು ಸೇವೆಯಿಂದ ಬಿಡುಗಡೆ ಕೋರಿ ಮನವಿ ಸಲ್ಲಿಸುತ್ತಿತ್ತು. ಕುಣಿಗಲ್ಲಿನ ತೋಪು ನೋಡಿಕೊಂಡು ಮೇಷ್ಟ್ರು ಬಂದಾಗ ನಾವಿಬ್ಬರೂ ಬೂದಿ ಬಳಿದುಕೊಂಡು ಮಂಡಿಯೂರಿದ್ದೆವು.

ಅವರು ಕಾರಿನಿಂದಿಳಿದು ರಂಗೋಲಿ ದಾಟಿ ಸುತ್ತ ನೋಡಿದರು. "ಯಾರೂ ಕೈಯಾಡಿಸದ ಬನ ಅಂದ್ಯಲ್ಲಮ್ಮ?"

ಅವಳು ಕೈಯಲ್ಲಿದ್ದ ಎಲೆಗಳನ್ನು ಬಿಡಿಸುತ್ತಲೇ ಇದ್ದಳು.

"ಒಂದು ಗಂಟೆಗೆ ನಾನು ಹೊರಡ್ಬೇಕು," ಎಂದು ಅವರು ಗಡಿಯಾರ ನೋಡಿಕೊಂಡರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಅದು ಕೋಪಕ್ಕಿಂತ ಕೆಟ್ಟದ್ದು. ಗುರುವಾರದ ಫೋನಿನ ವಿಷಯ ಹೇಳುವ ಬದಲು ನಾನು ಇನ್ನೊಂದು ಹಿಡಿ ಎಲೆಗೆ ಕೈಹಾಕಿದೆ.

ಗುಡ್ಡೆ ಮುಗಿಯಿತು. ಹನ್ನೆರಡು ಗಂಟೆಯೂ ದಾಟಿತು. ಅವಳು ಎದ್ದು ಪೂಜಾರಪ್ಪನ ಮುಂದೆ ನಿಂತಳು. "ಹಾರಕ್ಕಾಗಲ್ಲ ಅದಕ್ಕೆ. ಎಲ್ಲೂ ಹೋಗಿರಲ್ಲ. ಪೂಜಾರಪ್ಪ, ಎಲ್ಲಾ ಕಡೆ ಗುಡ್ಸಿದ್ರಾ? ಎಲ್ಲೂ ಬಿಟ್ಟಿಲ್ವಾ?"

ಪೂಜಾರಪ್ಪ ಮೇಷ್ಟ್ರ ಮುಖ ನೋಡಿದ, ನನ್ನ ಮುಖ ನೋಡಿದ. ಅತಿಥಿಗಳೆದುರು ಒಪ್ಪಿಕೊಳ್ಳಲು ನಾಚಿಕೆ. "ಒಂದ್ ಕಡೆ ಬುಟ್ಟಿದೀವಿ ಕಣವ್ವ. ತೆಪ್ಪು ತಿಳ್ಕೋಬ್ಯಾಡಿ. ಹುತ್ತದ ತಾವ ನಾಗಪ್ಪಂಗೆ ಪೊರಕೆ ತೋರ್ಸಂಗಿಲ್ಲ. ಅದ್ಕೇ ಅಷ್ಟು ಕಸ ಉಳ್ಕಂಡೈತೆ."

ಅವಳು ಓಡಿದಳು. ಬನದ ಹಿಂಬದಿಯಲ್ಲಿ ಹುತ್ತ, ಅದರ ಸುತ್ತ ಎರಡು ಮಾರು ಅಗಲಕ್ಕೆ ಮೊಣಕಾಲಿನವರೆಗೆ ತರಗೆಲೆ. ಪೊರಕೆಯ ಗೀರುಗಳು ಅದರ ಅಂಚಿಗೆ ಬಂದು ಗೆರೆ ಹೊಡೆದಂತೆ ನಿಂತಿದ್ದವು. ಚಪ್ಪಲಿ ಬಿಟ್ಟು, ಕೂತು, ಒಂದೊಂದೇ ಎಲೆ ಎತ್ತತೊಡಗಿದಳು. ನಾವು ಮೂವರೂ ಹಿಂದೆ ನಿಂತೆವು. ಮೇಲಿನ ಒಣ ಪದರ ಹೋಯಿತು. ಕಪ್ಪಗೆ ಕೊಳೆತ ಪದರ ಬಂತು. ಏನೂ ಇಲ್ಲ.

ಆಮೇಲೆ ಒಂದು ಎಲೆ ತಾನಾಗಿಯೇ ಕದಲಿತು.

"ಅದೋ!" ಎಂದು ನಾನು ಬೆರಳು ಚಾಚಿದೆ. ಹುಳು ತನ್ನ ವಾಸಸ್ಥಳದ ಬಗ್ಗೆ ಸಾರ್ವಜನಿಕ ವಿಚಾರಣೆ ಒಪ್ಪದೆ ನೇರವಾಗಿ ಬೆರಳಿಗೆ ಚಿಮ್ಮಿಸಿತು. ಬೆಂಕಿ ಮುಟ್ಟಿದಂತಾಯಿತು. ಅವಳು ಶೀಶೆ ಕವುಚಿದ್ದಳು. ಕಪ್ಪು ಬೆನ್ನು, ಬಿಳಿ ಚುಕ್ಕೆ. ಪಕ್ಕದ ಎಲೆಯಡಿ ಇನ್ನೊಂದು.

ಮೇಷ್ಟ್ರು ಬಗ್ಗಿ ಬಹಳ ಹೊತ್ತು ನೋಡಿದರು. "ಇದೆ, ಸರಿ. ಆದ್ರೆ ಹುತ್ತದಲ್ಲಿ ಗೆದ್ದಲಿದೆ. ಇವು ಊಟಕ್ಕೆ ಬಂದಿರಬಹುದಲ್ಲ? ಎಲೆಗೇ ಬಂದಿವೆ ಅಂತ ಹೇಗೆ ಹೇಳ್ತೀ?"

"ಕುಣಿಗಲ್ ತೋಪಲ್ಲೂ ಹುತ್ತ ಇದೆ ಸರ್, ಗೆದ್ದಲು ಇದೆ. ಮೂರು ತಿಂಗಳು ಅಲ್ಲಿ ಲೋಟ ಹೂತಿಟ್ಟಿದ್ದೆ. ಒಂದೂ ಬೀಳ್ಲಿಲ್ಲ. ಅಲ್ಲಿ ವರ್ಷಾವರ್ಷ ಎಲೆ ಗೋರಿಕೊಂಡು ಹೋಗ್ತಾರೆ." ಒಂದು ಕ್ಷಣ ತಡೆದಳು. "ಇಲ್ಲಿ ಕೈಯಿಟ್ಟು ನೋಡಿ."

ಮೇಷ್ಟ್ರು ಒಂದು ಅಂಗೈಯನ್ನು ಎಲೆಯಡಿಗೆ ತೂರಿಸಿದರು, ಇನ್ನೊಂದನ್ನು ಗುಡಿಸಿದ ನೆಲದ ಮೇಲಿಟ್ಟರು. ಹಾಗೇ ಕೂತಿದ್ದರು. ಬಿಸಿಲು ಬಿದ್ದ ಕೆಂಪು ನೆಲ ಆಗಲೇ ಕಾದಿತ್ತು. ಎದ್ದಾಗ ಎಡಗೈಗೆ ಒದ್ದೆ ಮಣ್ಣು ಮೆತ್ತಿತ್ತು, ಬಲಗೈಗೆ ಧೂಳು.

"ಟೇಪ್ ಇದೆಯಾ? ಪೊರಕೆ ಎಲ್ಲಿ ನಿಂತಿದೆಯೋ ಅಲ್ಲಿಂದ ಅಳೆ," ಎಂದರು. "ವಿಷಯ ಬದಲಾಯಿಸೋದು ಬೇಡ. ಗುಡಿಸಿದ ಕಡೆಗೂ ಲೋಟ ಹೂಳು. ಎಲೆ ಮತ್ತೆ ಬಿದ್ದ ಮೇಲೆ ಹುಳು ಬರುತ್ತೋ ಇಲ್ವೋ, ಬಂದ್ರೆ ಎಷ್ಟು ದಿನಕ್ಕೆ, ನೋಡು."

ಅವಳು ತಲೆಯಾಡಿಸಿದಳು. ಟೇಪಿನ ತುದಿ ನನ್ನ ಕೈಗೆ ಕೊಟ್ಟು, ಮುಖವನ್ನು ಆ ಕಡೆ ತಿರುಗಿಸಿಕೊಂಡು ಮೂಗೊರೆಸಿಕೊಂಡಳು.

"ಎಲೆ ಬೀಳಗಂಟ ಯಾಕ್ ಕಾಯ್ತೀರಾ ಸಾರ್?" ಎಂದ ಪೂಜಾರಪ್ಪ. "ಹೆಂಗಸ್ರನ್ನ ಕರೀತೀನಿ, ಹತ್ನಿಮಿಷದಾಗೆ ವಾಪಸ್ ಹರಡಿಸ್ಬುಡ್ತೀನಿ!" ಮೇಷ್ಟ್ರು ಅವನ ಕೈ ಹಿಡಿದು ಕೂರಿಸಿದರು.

ವಾಪಸಾಗುವಾಗ ಅವಳು ನಿಧಾನವಾಗಿ ಓಡಿಸಿದಳು. ಸ್ವಲ್ಪ ದೂರ ಹೋದ ಮೇಲೆ, ಹಿಂದೆ ತಿರುಗದೆ, "ಗುರುವಾರ ಯಾರು ಫೋನ್ ಮಾಡಿದ್ರು ಅಂತ ಪೂಜಾರಪ್ಪ ಹೇಳಿದ್ರು ದೊಡ್ಡಪ್ಪ," ಎಂದಳು.

ಬೆರಳು ಇನ್ನೂ ಉರಿಯುತ್ತಿತ್ತು. "ಹೂಂ, ನಾನೇ ಕಣಮ್ಮ," ಎಂದೆ.