ಅಪ್ಪಂದಿರ ಹೆಸರಿನ ಗ್ರಂಥಸೂಚಿ

ನಮ್ಮ ಮನೆಯವರ ಹೆಸರು ಯೋಗಾನಂದ. ಅತ್ತಿಗುಪ್ಪೆಯ ಹಳೇ ಊರಿನವರು, ಎಂದರೆ ಬಡಾವಣೆ ಬರುವುದಕ್ಕೆ ಮುಂಚೆಯೇ ಅಲ್ಲಿದ್ದವರು. ವಿಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಾರೆ. ಸಿಗರೇಟಿಲ್ಲ, ಸಿಟ್ಟಿಲ್ಲ, ಸಂಜೆಯಾದರೆ ಸೀದಾ ಮನೆಗೆ ಬರುತ್ತಾರೆ. ಸಂಬಂಧ ಕೂಡಿಸುವ ಮುಂಚೆ ನಮ್ಮಮ್ಮ ಇದನ್ನೆಲ್ಲ ನಾಲ್ಕು ಕಡೆ ವಿಚಾರಿಸಿದ್ದಳು. ಪಿಡಿಎಫ್ ವಿಚಾರ ಮಾತ್ರ ಯಾರಿಗೂ ಕೇಳಬೇಕೆಂದು ಹೊಳೆದಿರಲಿಲ್ಲ.

ಇವರಿಗೆ ಪಿಡಿಎಫ್ ಕೂಡಿಡುವ ಚಟ. ಪಿಎಚ್‌ಡಿಗೆ ಹೆಸರು ನೋಂದಾಯಿಸಿದ ಮೇಲೆ ಹತ್ತಿಕೊಂಡದ್ದು. ಬೆಂಗಳೂರಿನ ಪಶ್ಚಿಮದ ಹಳ್ಳಿಗಳಲ್ಲಿ ಕೂಡುಕುಟುಂಬಗಳು ಹೇಗೆ ಒಡೆದವು ಎನ್ನುವುದು ಇವರ ವಿಷಯ. ಅದಕ್ಕೆ ಸಂಬಂಧಿಸಿದ್ದು, ಸಂಬಂಧಿಸಿರಬಹುದಾದದ್ದು, ಮುಂದೆಂದಾದರೂ ಸಂಬಂಧಿಸೀತು ಅನ್ನಿಸಿದ್ದು, ಎಲ್ಲವನ್ನೂ ಇಳಿಸಿಕೊಂಡರು. ಕಂಪ್ಯೂಟರ್ ತುಂಬಿತು. ಯಾವುದರೊಳಗೆ ಏನಿದೆ ಎಂದು ಗೊತ್ತಾಗದೆ, ಇಳಿಸಿಕೊಂಡದ್ದನ್ನೇ ಮತ್ತೆ ಇಳಿಸಿಕೊಳ್ಳತೊಡಗಿದರು.

ಆಗ ಕಾಲೇಜಿನ ಕಾರ್ಯಾಗಾರವೊಂದರಲ್ಲಿ ಯಾರೋ ರೆಫರೆನ್ಸ್ ಮ್ಯಾನೇಜರ್ ಎಂಬ ಸಾಫ್ಟ್‌ವೇರ್ ತೋರಿಸಿದರು. ಪಿಡಿಎಫ್ ಅನ್ನು ಎಳೆದು ಅದರೊಳಗೆ ಹಾಕಿದರೆ ಸಾಕು, ಲೇಖಕರು ಯಾರು, ಯಾವ ವರ್ಷ, ಯಾವ ಪತ್ರಿಕೆ ಎಂದು ತಾನೇ ಬರೆದುಕೊಳ್ಳುತ್ತದೆ. ಪ್ರಬಂಧ ಮುಗಿದ ಮೇಲೆ ಒಂದು ಗುಂಡಿ ಒತ್ತಿದರೆ ಕೊನೆಯ ಗ್ರಂಥಸೂಚಿಯನ್ನೂ ಜೋಡಿಸಿಕೊಡುತ್ತದೆ. ಅವತ್ತು ಮನೆಗೆ ಬಂದಾಗ ಇವರ ಮುಖದಲ್ಲಿದ್ದ ಕಳೆ ನಮ್ಮ ಮದುವೆಯ ಫೋಟೋಗಳಲ್ಲಿ ಎಲ್ಲೂ ಇಲ್ಲ.

ಅಲ್ಲಿಂದ ಮುಂದೆ ದಿನವೂ ಸಂಜೆ ಇದೇ ಕಾಯಕ. ಪ್ರತಿ ಪಿಡಿಎಫ್ ತೆರೆಯುವುದು, ಮೊದಲ ಪುಟದ ಸಾರಾಂಶದ ಮೇಲೆ ಕಣ್ಣಾಡಿಸುವುದು, ಅದಕ್ಕೊಂದು ಟ್ಯಾಗ್, ಟ್ಯಾಗಿಗೊಂದು ಬಣ್ಣ. ಆಸ್ತಿ ಪಾಲಾದರೆ ಕೆಂಪು, ಮದುವೆಯಾದರೆ ಹಳದಿ, ಅತ್ತೆ ಸೊಸೆ ಜಗಳಕ್ಕೆ ಹಸಿರು. ನಮ್ಮತ್ತೆ ಬೋರಮ್ಮ ಇವರ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು.

"ಏನೋ ಅದು, ಕೇರಿದ್ದನ್ನೇ ಕೇರ್ತಾ ಕೂತಿದೀಯ? ಅಡುಗೆ ಯಾವಾಗ ಮಾಡ್ತೀಯ?" ಎಂದರು.

"ಇದು ತಯಾರಿ ಕಣಮ್ಮ," ಎಂದರು ಇವರು.

ತಯಾರಿ ಚೆನ್ನಾಗಿಯೇ ನಡೆಯುತ್ತಿತ್ತು. ಪ್ರಬಂಧ ಮಾತ್ರ ಒಂದು ಪುಟವೂ ಆಗಿರಲಿಲ್ಲ. ಅಷ್ಟರಲ್ಲಿ ಕಾಲೇಜಿನವರು ಸುತ್ತೋಲೆ ಹೊರಡಿಸಿದರು: ಈ ವರ್ಷ ಮುಗಿಯುವುದರೊಳಗೆ ಡಾಕ್ಟರೇಟ್ ಆಗದವರಿಗೆ ಮುಂದಿನ ವರ್ಷ ಪಾಠವಿಲ್ಲ. ವಿಶ್ವವಿದ್ಯಾಲಯದವರೂ ಇನ್ನು ಅವಧಿ ವಿಸ್ತರಿಸುವುದಿಲ್ಲ ಎಂದು ಹೇಳಿಬಿಟ್ಟರು. ಪಾಠ ಬಿಟ್ಟರೆ ಈ ಮನುಷ್ಯನಿಗೆ ಬೇರೆ ಬದುಕಿಲ್ಲ ಎಂದು ನನಗೆ ಗೊತ್ತು. ಹೆದರಿದ್ದು ನಾನು. ಇವರು ಸಮಾಧಾನವಾಗಿ ಕನ್ನಡ ಲೇಖಕರ ಇನಿಷಿಯಲ್ ಬಿಡಿಸಲು ಕುಳಿತರು.

ಆದದ್ದಿಷ್ಟು. ಕನ್ನಡದ ಲೇಖನಗಳನ್ನು ಆ ಸಾಫ್ಟ್‌ವೇರ್ ತಾನಾಗಿ ಗುರುತಿಸುತ್ತಿರಲಿಲ್ಲ, ಕೈಯಲ್ಲೇ ತುಂಬಬೇಕಿತ್ತು. ಅದರಲ್ಲಿ ಲೇಖಕರಿಗೆ ಎರಡು ಖಾನೆ: ಒಂದು ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ನಮ್ಮ ಕಡೆ ಮನೆತನದ ಹೆಸರೆಲ್ಲಿದೆ? ಇರುವುದು ಅಪ್ಪನ ಹೆಸರಿನ ಒಂದಕ್ಷರ. ಖಾಲಿ ಖಾನೆ ಕಂಡರೆ ಇವರಿಗೆ ನಿದ್ದೆ ಬರುವುದಿಲ್ಲ.

"ಇನಿಷಿಯಲ್ ಅಂದ್ರೆ ಅರೆಬರೆ ಮಾಹಿತಿ ಕಣೇ. ಪೂರ್ತಿ ಹಾಕ್ಬೇಕು," ಎಂದು ಲೇಖಕರಿಗೇ ಫೋನ್ ಮಾಡತೊಡಗಿದರು. ಒಬ್ಬ ನಿವೃತ್ತ ಪ್ರೊಫೆಸರು ಇದು ಬ್ಯಾಂಕ್ ಖಾತೆಗೆ ಕನ್ನ ಹಾಕುವವರ ಕರೆ ಎಂದುಕೊಂಡು ಬಾಯಿಗೆ ಬಂದಂತೆ ಬೈದರು. ಇನ್ನೊಬ್ಬರು, ಈ ವಯಸ್ಸಿನಲ್ಲಿ ತಮ್ಮಪ್ಪನ ಹೆಸರು ಕೇಳುವವರೊಬ್ಬರು ಸಿಕ್ಕರಲ್ಲ ಎಂದು ಗದ್ಗದರಾಗಿ ತಾತನ ತನಕ ಹೋದರು. ಅಂತೂ ಎಲ್ಲ ಅಪ್ಪಂದಿರೂ ಸಿಕ್ಕರು. ಇವರು ಅವರನ್ನೆಲ್ಲ ಒಬ್ಬೊಬ್ಬರಾಗಿ ಎರಡನೇ ಖಾನೆಯಲ್ಲಿ ಕೂರಿಸಿದರು.

ಕೊನೆಗೆ ನಾನೇ ಜೋರು ಮಾಡಿದೆ. ಕಾಲೇಜಿಗೆ ರಜೆ ಹಾಕಿಸಿ, ಮೊಬೈಲ್ ಕಿತ್ತಿಟ್ಟುಕೊಂಡು, ಇವರನ್ನು ಬರೆಯಲು ಕೂರಿಸಿ, ಬರೆದಂತೆಲ್ಲ ತಿದ್ದುತ್ತಾ ಹೋದೆ. ನಾನು ಹೈಸ್ಕೂಲ್ ಟೀಚರ್, ಕಾಗುಣಿತ ಮೀರಿ ಹೆಚ್ಚು ತಲೆ ಹಾಕಲಿಲ್ಲ. ಪ್ರಬಂಧ ಮುಗಿಯಿತು. ಇವರು ಗುಂಡಿ ಒತ್ತಿದರು, ಗ್ರಂಥಸೂಚಿ ಸುರಿಯಿತು. ಅದನ್ನು ತಿದ್ದಲು ಹೋದರೆ, "ಅದನ್ನ ಮುಟ್ಬೇಡ, ಸಾಫ್ಟ್‌ವೇರ್ ಮಾಡಿರೋದು," ಎಂದರು. ರಾಜಾಜಿನಗರದಲ್ಲಿ ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ, ಗೈಡ್ ಸಹಿಗೆಂದು ಹೊರಟೆವು. ಸ್ಕೂಟರ್ ಓಡಿಸಿದ್ದು ನಾನು. ಇವರು ಹಿಂದೆ ಕುಳಿತು ಪ್ರಬಂಧದ ಪ್ರತಿಗಳನ್ನು ತಬ್ಬಿಕೊಂಡಿದ್ದರು.

ಗೈಡ್ ನಾಗೇಂದ್ರ ಅವರ ಮನೆ ಕುರುಬರಹಳ್ಳಿಯಲ್ಲಿ. ಇಷ್ಟು ವರ್ಷಗಳಲ್ಲಿ ಅವರು ಇವರ ಬರವಣಿಗೆಯ ಒಂದು ಹಾಳೆಯನ್ನೂ ತಿರುವಿ ನೋಡಿದವರಲ್ಲ. ಅವತ್ತು ತಿರುವಿದರು, ಅದೂ ಹಿಂದಿನಿಂದ. ಗ್ರಂಥಸೂಚಿಯ 'ನ' ಅಕ್ಷರಕ್ಕೆ ಬಂದು ಬೆರಳಿಟ್ಟರು. ಬೆರಳು ಕೆಳಗಿಳಿಯಿತು, ಮೇಲೇರಿತು, ಮತ್ತೆ ಇಳಿಯಿತು. ಮುಖ ಕಪ್ಪಿಟ್ಟಿತು.

"ಯೋಗಾನಂದ, ನಾನ್ ನಿಮಗೆ ಏನ್ರೀ ಅನ್ಯಾಯ ಮಾಡಿದೀನಿ?"

"ಸಾರ್?"

"ಊರೋರ ಹೆಸರೆಲ್ಲ ಇದೆ. ಗೈಡ್ ಬರೆದಿದ್ದು ಒಂದೂ ಬೇಡವಾಯ್ತಾ?"

"ಎಲ್ಲಾ ಹಾಕಿದೀನಿ ಸಾರ್. ಮೊದಲನೇ ಹೆಸರೇ ನಿಮ್ಮದು."

ಇವರು ಗ್ರಂಥಸೂಚಿಯ ಮೊದಲ ಪುಟ ತೆಗೆದು ತೋರಿಸಿದರು. ಎಲ್ಲರಿಗಿಂತ ಮೇಲೆ, 'ಅಂಜಿನಯ್ಯ, ನಾಗೇಂದ್ರ' ಎಂದಿತ್ತು. ಅದರ ಕೆಳಗೆ ಸಾಲಾಗಿ ಅವರ ಲೇಖನಗಳು. ಸಾಫ್ಟ್‌ವೇರು ಎರಡನೇ ಖಾನೆಯನ್ನು ಮುಂದಿಟ್ಟು ಎಲ್ಲರನ್ನೂ ಅಪ್ಪನ ಹೆಸರಿನಲ್ಲೇ ಜೋಡಿಸಿಬಿಟ್ಟಿತ್ತು.

"ಅಂಜಿನಯ್ಯ ನಮ್ಮಪ್ಪ ಕಣ್ರೀ! ಬ್ಯಾಡರಹಳ್ಳೀಲಿ ಸೊಪ್ಪು ಬೆಳೆದು ಮಾರ್ತಿದ್ರು. ಅವರು ಯಾವಾಗ್ರೀ ಲೇಖನ ಬರೆದ್ರು?"

ನಾಗೇಂದ್ರ ಅವರು ಈಗ ಒಳಪುಟಗಳಿಗೆ ಕೈ ಹಾಕಿದರು. ಅಲ್ಲಿ ಇನ್ನೂ ಪಜೀತಿ. ವಾಕ್ಯದ ಕೊನೆಗೆ ಆವರಣದೊಳಗೆ ಬರುವ ಲೇಖಕರ ಹೆಸರುಗಳನ್ನು ಸಾಫ್ಟ್‌ವೇರ್ ಹಾಕಿಕೊಟ್ಟಿತ್ತು, ಅದಕ್ಕೆ ಹೊಂದುವಂತೆ ಇವರೂ ವಾಕ್ಯ ಬರೆದಿದ್ದರು. 'ಅಂಜಿನಯ್ಯನವರ ಪ್ರಕಾರ', 'ಅಂಜಿನಯ್ಯನವರು ತೋರಿಸಿಕೊಟ್ಟಿರುವಂತೆ' ಎಂದು ಪುಟಪುಟದಲ್ಲೂ ಸೊಪ್ಪಿನ ಅಂಜಿನಯ್ಯ ಮೆರೆದಿದ್ದರು. ಓದುತ್ತಾ ಹೋದ ಸಾರ್ ಒಂದು ಸಾಲಿಗೆ ಬಂದು ನಿಂತರು.

"ಇದೇನ್ರೀ ಇದು? 'ಅಂಜಿನಯ್ಯನವರು ಈ ವಿಷಯವನ್ನು ಆಳವಾಗಿ ನೋಡಿಲ್ಲ.' ತೀರ್ಕೊಂಡಿರೋ ನಮ್ಮಪ್ಪನ್ನ ಆಡ್ಕೊಳೋಕೆ ನೀವ್ಯಾರ್ರೀ?"

ನಮ್ಮ ಮನೆಯವರಿಗೆ ಸುಳ್ಳು ಬರುವುದಿಲ್ಲ. ಅದೇ ದೊಡ್ಡ ತೊಂದರೆ.

"ಸಾರ್, ಅದು ಅವರಿಗಲ್ಲ. ತಮಗೇ ಹೇಳಿದ್ದು."

ಮುಗಿಯಿತು ಎಂದುಕೊಂಡೆ. ಪ್ರಬಂಧ ಒಪ್ಪಿಸಲು ಮಾರನೇ ದಿನವೇ ಕೊನೆ. ಈ ಸಹಿ ಬೀಳದಿದ್ದರೆ ಡಿಗ್ರಿಯೂ ಇಲ್ಲ, ಪಾಠವೂ ಇಲ್ಲ. "ಸಾರ್, ಎಲ್ಲಾ ಸರಿ ಮಾಡ್ಕೊಂಡು ಬರ್ತೀವಿ, ದಯವಿಟ್ಟು," ಎಂದು ನಾನು ಮಧ್ಯೆ ಬಾಯಿ ಹಾಕಿದೆ.

ನಾಗೇಂದ್ರ ಅವರು ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದರು. ಸಿಟ್ಟು ಇಳಿಯಿತು. ಏನೋ ಲೆಕ್ಕ ಹಾಕುತ್ತಿದ್ದಾರೆ ಅನ್ನಿಸಿತು.

"ನೋಡಿ ಯೋಗಾನಂದ, ಎಲ್ಲಾ ಕಡೆ ನನ್ನ ಹೆಸರು ಬರೋ ಹಾಗೆ ಮಾಡಿ. ಈ ಒಂದು ವಾಕ್ಯ ಮಾತ್ರ ಅಂಜಿನಯ್ಯನ ಹೆಸರಲ್ಲೇ ಇರ್ಲಿ."

"ಮತ್ತೆ ಮಿಕ್ಕ ಲೇಖಕರದು ಸಾರ್?"

"ಅವರಾಗೇ ಬಂದು ಕೇಳಿದಾಗ ನೋಡೋಣ ಬಿಡಿ."

ಹೆಸರು ಬದಲಾಯಿಸುವುದು ಗಳಿಗೆಯ ಕೆಲಸವಾಗಿತ್ತು. ಒಬ್ಬ ಅಂಜಿನಯ್ಯನನ್ನು ಮಾತ್ರ ಬದಲಾಗದಂತೆ ಉಳಿಸಿಕೊಳ್ಳಲು ಇವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಮತ್ತೆ ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ ಕೊಂಡೊಯ್ದೆವು, ಸಹಿ ಬಿತ್ತು. ಮಿಕ್ಕ ವಿದ್ವಾಂಸರೆಲ್ಲ ತಮ್ಮ ತಮ್ಮ ಅಪ್ಪಂದಿರಾಗಿಯೇ ವಿಶ್ವವಿದ್ಯಾಲಯಕ್ಕೆ ಹೋದರು.

ಮೌಖಿಕ ಪರೀಕ್ಷೆಗೆ ಇವರು ಜೋರಾಗಿಯೇ ಸಿದ್ಧತೆ ಮಾಡಿಕೊಂಡರು. ಕನ್ನಡಿಯ ಮುಂದೆ ನಿಂತು ತಾವೇ ಪ್ರಶ್ನೆ ಕೇಳಿಕೊಂಡು ತಾವೇ ಉತ್ತರ ಹೇಳಿಕೊಳ್ಳುತ್ತಿದ್ದರು. ಕೆಲಸ ಉಳಿಯಬೇಕು ಎನ್ನುವುದು ನನ್ನ ಆಸೆ. ಯಾರಾದರೂ ಓದಿ ಒಂದು ಪ್ರಶ್ನೆ ಕೇಳಬೇಕು ಎನ್ನುವುದು ಇವರದು.

ಪರೀಕ್ಷಕರಾಗಿ ಧಾರವಾಡದ ಕಡೆಯಿಂದ ಬಂದವರು ವಿಠ್ಠಲ ಹೂಗಾರ. ಆ ಕಡೆಯವರಿಗೆ ಮನೆತನದ ಹೆಸರಿರುತ್ತದಲ್ಲ, ಹಾಗಾಗಿ ಸಾಫ್ಟ್‌ವೇರ್ ಅವರಿಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಅವರೂ ಹಿಂದಿನಿಂದಲೇ ತೆರೆದರು. 'ಹ' ಅಕ್ಷರದಲ್ಲಿ ತಾವು ನೆಟ್ಟಗೆ ಕುಳಿತಿರುವುದನ್ನು ಕಂಡು ಅವರ ಮುಖ ಅರಳಿತು.

"ಗ್ರಂಥಸೂಚಿ ಭಾಳ ಚೊಲೋ ಮಾಡೀರಿ ನೋಡ್ರಿ. ಯಾವ ಸಾಫ್ಟ್‌ವೇರ್‌ನ್ಯಾಗ ಮಾಡೀರಿ?"

ಇವರು ಹೇಳಿದರು. ಅವರು ತಮ್ಮ ಲ್ಯಾಪ್‌ಟಾಪ್ ತೆಗೆದು, "ನನಗೂ ಹಾಕಿ ಕೊಡ್ರಿ," ಎಂದರು. ಟ್ಯಾಗ್ ಹಾಕುವುದು ಹೇಗೆ, ಬಣ್ಣ ಕೊಡುವುದು ಹೇಗೆ ಎಂದು ಇವರು ತೋರಿಸಿಕೊಟ್ಟರು. ಅಷ್ಟರಲ್ಲಿ ಉಪ್ಪಿಟ್ಟು, ಕೇಸರಿಬಾತ್ ಬಂದವು. ತಿಂದು ಕೈ ತೊಳೆದು ಎಲ್ಲರೂ ಇವರ ಕೈ ಕುಲುಕಿದರು. ನಮ್ಮ ಮನೆಯವರು ಡಾಕ್ಟರ್ ಆದರು, ಪಾಠ ಉಳಿಯಿತು.

ಮನೆಗೆ ಬಂದ ಮೇಲೆ ನಾನು ಪಾಯಸಕ್ಕಿಟ್ಟೆ. ಇವರು ಹಾಲ್‌ನಲ್ಲಿ ಶೂ ಕೂಡ ಬಿಚ್ಚದೆ ಕುಳಿತಿದ್ದರು.

"ಒಂದು ಪ್ರಶ್ನೆನೂ ಕೇಳ್ಲಿಲ್ಲ ಕಣೇ."

ಆ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟು ವರ್ಷ ಗುದ್ದಾಡಿದ ಮನುಷ್ಯ. ನಾನು ಒಲೆ ಆರಿಸಿ ಪಕ್ಕದಲ್ಲಿ ಬಂದು ಕುಳಿತೆ.

"ನಾನ್ ಓದಿದೀನಲ್ರೀ, ನಾನೇ ಕೇಳ್ತೀನಿ. ಕೂಡುಮನೆ ಒಡೆಯೋವಾಗ ಜಮೀನಿಗಿಂತ ಮೊದ್ಲು ಒಲೆ ಬೇರೆ ಆಗುತ್ತೆ ಅಂತ ಬರ್ದಿದೀರ. ಯಾಕೆ ಒಲೆನೇ ಮೊದ್ಲು?"

ಇವರ ಕಣ್ಣು ಮಿಂಚಿತು. "ಒಳ್ಳೆ ಪ್ರಶ್ನೆ!" ಎಂದು ಎದ್ದವರೇ ಲ್ಯಾಪ್‌ಟಾಪ್ ತೆರೆದರು. ಅಷ್ಟು ಸಾವಿರ ಪಿಡಿಎಫ್‌ಗಳ ನಡುವೆ ಕಣ್ಣು ಮಿಟುಕಿಸುವುದರೊಳಗೆ ಸರಿಯಾದದ್ದೇ ಹೊರಬಂತು. ಹಸಿರು ಟ್ಯಾಗ್, ಲೇಖಕರ ಹೆಸರು, ಅವರ ಅಪ್ಪನ ಹೆಸರು, ವರ್ಷ, ಸಂಚಿಕೆ, ಒಂದೂ ತಪ್ಪಿರಲಿಲ್ಲ.

"ನೋಡು, ಇದೇ. ಇದ್ರಲ್ಲೇ ಇರೋದು."

"ಏನಂತ ಹೇಳಿದಾರೆ?"

ಇವರು ಪರದೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಸಾರಾಂಶ ಓದಿದೀನಿ," ಎಂದರು.

ಒಳಗಿನಿಂದ ಬೋರಮ್ಮ, ಪಾಯಸ ಆಯಿತೇನೇ ಎಂದು ಕೂಗಿದರು. ಇವರು ಬಗ್ಗಿ ಶೂ ಬಿಚ್ಚಿಟ್ಟರು, ಕನ್ನಡಕ ಒರೆಸಿಕೊಂಡರು, ಸಾರಾಂಶ ಮುಗಿದಲ್ಲಿಂದ ಮುಂದಕ್ಕೆ ಲೇಖನವನ್ನು ಮೆಲ್ಲಗೆ ಓದತೊಡಗಿದರು.