ಅವ್ವ ನೋಡದ ನಾಟಕ

ಅವ್ವನಿಗೆ ಓದು ಬರಹ ಬಾರದು. ನಾನು ಬರೆದ ಒಂದೇ ಒಂದು ಪುಸ್ತಕ ಅವಳದೇ ಕತೆ: ದೇವದುರ್ಗದ ಸುತ್ತಲಿನ ಹೊಲಗಳಲ್ಲಿ ಹತ್ತಿ ಬಿಡಿಸಿ ನನ್ನನ್ನು ಮಾಸ್ತರನನ್ನಾಗಿ ಮಾಡಿದ ಕತೆ. ಒಮ್ಮೆ ಓದಿ ಹೇಳಲು ಕೂತೆ. ಎರಡನೇ ಪುಟಕ್ಕೇ ಅವಳು ಕೈ ಚಾಚಿ ಪುಸ್ತಕ ಮುಚ್ಚಿದಳು. “ಸಾಕು ಬಿಡಪಾ” ಅಂದಳು. ಅಲ್ಲಿಗೆ ನಿಂತಿತು.

ಹೀಗಾಗಿ ಮಾನ್ವಿಯ ಕಾಲೇಜು ಹುಡುಗಿಯರು ಅದನ್ನು ನಾಟಕ ಮಾಡುತ್ತೇವೆಂದು ಮನೆಗೆ ಬಂದಾಗ ನನಗಿಂತ ಅವಳೇ ಹಿಗ್ಗಿದಳು. ತನ್ನ ಪಾತ್ರ ಮಾಡುವ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಹತ್ತಿ ಬಿಡಿಸುವಾಗ ಉಡಿ ಹೇಗೆ ಕಟ್ಟಬೇಕೆಂದು ಕಲಿಸಿದಳು. “ಹಂಗ ಸಡ್ಲ ಕಟ್ಟಿದ್ರ ಹತ್ತಿ ಎಲ್ಲಾ ನೆಲಕ್ಕ ಬೀಳ್ತದ ನೋಡವ್ವಾ” ಎಂದು ಬೈದಳು ಕೂಡ.

ಪ್ರಕಾಶಕರಿಗೊಂದು ಮಾತು ಹೇಳಿಬಿಡೋಣ ಎಂದು ರಾಯಚೂರಿಗೆ ಫೋನ್ ಮಾಡಿದೆ.

“ಅದ್ಹೆಂಗ ಆಗ್ತದ್ರೀ ಸರ್? ನಾಟಕ, ಸಿನಿಮಾ, ಎಲ್ಲಾ ಹಕ್ಕು ನಮ್ಮ ಕಡಿ ಅದಾವ. ಸಿನಿಮಾದವರ ಜೋಡಿ ಮಾತು ನಡದದ. ಈಗ ಹುಡುಗ್ಯಾರು ಆಡಿದ್ರ ಅವರು ಹಿಂದ ಸರೀತಾರ.”

ಆಮೇಲೆ ಕರಾರು ಪತ್ರ ತೆಗೆದು ಓದಿದೆ. ಮೊದಲ ಸಲ. ಕೆಟ್ಟ ಮೇಲೆ ಬುದ್ಧಿ ಬಂತು. ಸಹಿ ಮಾಡಿದ್ದು ಪುಸ್ತಕ ಬಿಡುಗಡೆಯ ವೇದಿಕೆಯ ಮೇಲೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟ ಮನುಷ್ಯ ಅದೇ ಕೈಯಿಂದ ಪೆನ್ನು ಚಾಚಿದರೆ, ನಮ್ಮ ಕಡೆ ಯಾರೂ ಕನ್ನಡಕ ಏರಿಸಿಕೊಂಡು ಕಾಗದ ಓದುತ್ತಾ ಕೂಡುವುದಿಲ್ಲ. ಸನ್ಮಾನ ಮಾಡಿದವರ ಮೇಲೆ ಸಂಶಯವೇ? ಹಾರ ಕಾಗದಕ್ಕೆ ತಾಗದಂತೆ ಎಡಗೈಯಲ್ಲಿ ಹಿಡಿದುಕೊಂಡು ಸಹಿ ಹಾಕಿದ್ದೆ. ‘ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ರೂಪಗಳಲ್ಲಿ, ಶಾಶ್ವತವಾಗಿ’ ಎಂದಿತ್ತು ಅದರಲ್ಲಿ. ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಜೀವಮಾನವಿಡೀ ಮಕ್ಕಳನ್ನು ಗದರಿದ ಮಾಸ್ತರ ನಾನು! ನಾಚಿಕೆಯಾಯಿತು.

ರಾಯಚೂರಿಗೇ ಹೋದೆ. ಒಂದೇ ಪ್ರಯೋಗ, ಟಿಕೆಟ್ ಇಲ್ಲ, ನಮ್ಮವ್ವ ನೋಡಬೇಕು ಅಷ್ಟೇ ಎಂದೆ. ಪ್ರಕಾಶಕರು ಚಹಾ ತರಿಸಿದರು. “ಸಿನಿಮಾ ಬರ್ತದಲ್ರೀ, ಅವ್ವಾರನ್ನ ಮುಂದಿನ ಸಾಲಿನ್ಯಾಗ ಕೂಡಿಸೋಣು” ಅಂದರು. ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಫ್ಯಾನ್ ಕಡೆ ನೋಡಿದರು. ಪರಿಚಯದ ವಕೀಲರ ಬಳಿ ಹೋದರೆ ಅವರು ಕೇಳಿದ್ದು ಒಂದೇ: “ಸಹಿ ನಿಮ್ದೇ ಅಲ್ರೀ?”

ಹುಡುಗಿಯರಿಗೆ ಬೇಡವೆಂದು ಹೇಳಿದೆ. ಅವ್ವನಿಗೆ ಹೇಳಲು ಎರಡು ದಿನ ಬಾಯಿ ಬರಲಿಲ್ಲ. ಮಾನ್ವಿಗೆ ಉಟ್ಟುಕೊಂಡು ಹೋಗಲು ಅವಳು ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ ದಿನ ಹೇಳಲೇಬೇಕಾಯಿತು.

“ಆ ಕತಿ ಈಗ ನಮ್ದಲ್ಲಬೇ. ಬರಕೊಟ್ಟೀನಿ.”

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಬರಕೊಡಾಕ ಅದು ನಿಂದೇನಪಾ? ನನ್ನ ಯಾವಾಗ ಕೇಳಿದ್ದಿ?”

ಕೇಳಿರಲಿಲ್ಲ. ಪುಸ್ತಕ ಬರೆಯುವ ಮುಂಚೆಯೂ ಕೇಳಿರಲಿಲ್ಲ.